ಹಳೆಯ ಟ್ರಕ್‌ನ ಹೀಟರ್‌ಗೆ ವೈರಿಂಗ್: ಕರೆಂಟ್ ಎಲ್ಲಿಂದ ತರಬೇಕು, ಎಲ್ಲಿಗೆ ಮುಟ್ಟಿಸಬೇಕು

ಪ್ರಶ್ನೆ: ನನ್ನ ಬಳಿ 1951ರ ಫೋರ್ಡ್ ಎಫ್-1 ಪಿಕಪ್ ಇದೆ, ವಿ8 ಎಂಜಿನ್. ಮೂಲತಃ 6 ವೋಲ್ಟ್‌ನ ಗಾಡಿ. ಹಿಂದಿನ ಮಾಲೀಕರು 12 ವೋಲ್ಟ್‌ಗೆ ಬದಲಾಯಿಸಿ ಆಲ್ಟರ್ನೇಟರ್ ಕೂರಿಸಿದ್ದಾರೆ. ಡ್ಯಾಶ್‌ಬೋರ್ಡ್ ಕೆಳಗೆ ಹಳೆಯ ಹೀಟರ್ ಪೆಟ್ಟಿಗೆ ಹಾಗೆಯೇ ಇದೆ, ಆದರೆ ಅದರ ತಂತಿಗಳನ್ನೆಲ್ಲ ಯಾರೋ ಕತ್ತರಿಸಿದ್ದಾರೆ. ಮೋಟಾರ್‌ನಿಂದ ಒಂದೇ ಒಂದು ತಂತಿ ಹೊರಗೆ ಬಂದಿದೆ. ಸ್ವಿಚ್‌ನಲ್ಲಿ ಎರಡು ಟರ್ಮಿನಲ್‌ಗಳಿವೆ. ಇಗ್ನಿಷನ್ ಸ್ವಿಚ್‌ನಿಂದ ನೇರವಾಗಿ ಕರೆಂಟ್ ಕೊಡಬಹುದೇ? ಎಷ್ಟು ಆಂಪಿಯರ್‌ನ ಫ್ಯೂಸ್ ಹಾಕಬೇಕು? ಗಾಜಿನ ಮಂಜು ತೆಗೆಯುವ ಡಿಫ್ರಾಸ್ಟರ್‌ನ ತಂತಿ ಎಲ್ಲೂ ಕಾಣುತ್ತಿಲ್ಲ, ಅದಕ್ಕೇನು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿಗೆ ಅರ್ಧ ಕೆಲಸ ಇಳಿಯುತ್ತದೆ. ನೀವು ಹುಡುಕುತ್ತಿರುವ ಡಿಫ್ರಾಸ್ಟರ್ ತಂತಿ ಕಳೆದುಹೋಗಿಲ್ಲ, ಅದು ಎಂದೂ ಇರಲೇ ಇಲ್ಲ. ಆ ಕಾಲದ ಟ್ರಕ್‌ಗಳಲ್ಲಿ ಡಿಫ್ರಾಸ್ಟರ್ ಎಂದರೆ ಗಾಳಿ ಹೋಗುವ ಒಂದು ದಾರಿ, ಅಷ್ಟೇ. ಎಂಜಿನ್‌ನ ಬಿಸಿ ನೀರು ಹೀಟರ್ ಪೆಟ್ಟಿಗೆಯೊಳಗಿನ ಪುಟ್ಟ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ ಬರುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ನೂಕುತ್ತದೆ. ಆ ಬಿಸಿ ಗಾಳಿಯನ್ನು ಒಂದು ತಗಡಿನ ಮುಚ್ಚಳ ಕಾಲಿನ ಕಡೆಗೋ, ಎರಡು ಕೊಳವೆಗಳ ಮೂಲಕ ಮುಂದಿನ ಗಾಜಿನ ಬುಡಕ್ಕೋ ತಿರುಗಿಸುತ್ತದೆ. ಮುಚ್ಚಳವನ್ನು ಎಳೆಯುವುದು ಗುಬುಟಿಗೆ ಕಟ್ಟಿದ ಕೇಬಲ್. ಇಡೀ ವ್ಯವಸ್ಥೆಯಲ್ಲಿ ಕರೆಂಟ್ ಬೇಕಾಗಿರುವುದು ಒಂದೇ ಒಂದು ಮೋಟಾರ್‌ಗೆ. ಹೀಗಾಗಿ ಗಾಜು ತಿಳಿಯಾಗುತ್ತಿಲ್ಲ ಎಂದು ಯಾರಾದರೂ ದೂರಿದರೆ, ಮೋಟಾರ್ ತಿರುಗುತ್ತಿರುವ ತನಕ ನಾನು ವೈರಿಂಗ್ ಕಡೆ ನೋಡುವುದೇ ಇಲ್ಲ. ದೋಷ ನೀರಿನಲ್ಲಿರುತ್ತದೆ, ಇಲ್ಲವೇ ಗಾಳಿಯ ದಾರಿಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ತಂತಿ ಕೈಗೆತ್ತಿಕೊಳ್ಳುವ ಮೊದಲು ಎರಡು ಸಂಗತಿಗಳನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಮೊದಲನೆಯದು, ಬ್ಯಾಟರಿಯ ಯಾವ ತುದಿ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಅರ್ಥಿಂಗ್ ಆಗಿದೆ (ಜೋಡಿಸಲಾಗಿದೆ) ಎಂಬುದು. ನಿಮ್ಮ ಫೋರ್ಡ್ ಕಾರ್ಖಾನೆಯಿಂದ ಹೊರಬಿದ್ದಾಗ ಅದರದ್ದು 6 ವೋಲ್ಟ್, ಪಾಸಿಟಿವ್ ಅರ್ಥಿಂಗ್. ಫೋರ್ಡ್ ತನ್ನ ಗಾಡಿಗಳನ್ನು 12 ವೋಲ್ಟ್ ನೆಗೆಟಿವ್ ಅರ್ಥಿಂಗ್‌ಗೆ ತಂದದ್ದು 1956ರ ಮಾದರಿಗಳಲ್ಲಿ. ಅದೇ ಕಾಲದ ಷೆವ್ರೊಲೆ ಟ್ರಕ್‌ಗಳು 6 ವೋಲ್ಟ್ ಆಗಿದ್ದರೂ ನೆಗೆಟಿವ್ ಅರ್ಥಿಂಗ್‌ನವು. ಹಾಗಾಗಿ ಗೆಳೆಯರ ಟ್ರಕ್ ನೋಡಿ ನಿಮ್ಮದನ್ನು ಊಹಿಸಬೇಡಿ. ಆಲ್ಟರ್ನೇಟರ್ ಕೂರಿಸಿದ್ದಾರೆ ಎಂದಮೇಲೆ ಈಗ ನಿಮ್ಮದು ನೆಗೆಟಿವ್ ಅರ್ಥಿಂಗ್ ಆಗಿರುವ ಸಾಧ್ಯತೆಯೇ ಹೆಚ್ಚು. ಆದರೂ ಬ್ಯಾಟರಿಯ ಮೇಲಿನ ಗುರುತು ಓದಿ, ಚಾಸಿಗೆ ಹೋಗುವ ಕೇಬಲನ್ನು ಕೈಯಿಂದ ಹಿಂಬಾಲಿಸಿ ನೋಡಿ. ಕೆಲಸ ಶುರು ಮಾಡುವಾಗ ಮೊದಲು ಬಿಚ್ಚಬೇಕಾದದ್ದೂ ಇದೇ ಕೇಬಲನ್ನು, ಚಾಸಿಗೆ ಹೋಗುವ ಕೇಬಲನ್ನು. ‘ಮೊದಲು ನೆಗೆಟಿವ್ ಬಿಚ್ಚು’ ಎಂದು ಬಾಯಿಪಾಠ ಮಾಡಿಕೊಂಡವರು ಪಾಸಿಟಿವ್ ಅರ್ಥಿಂಗ್ ಗಾಡಿಯಲ್ಲಿ ಪಾನಾವನ್ನು ಗಾಡಿಯ ಮೈಗೆ ತಾಗಿಸಿ ಕಿಡಿ ಹಾರಿಸಿಕೊಳ್ಳುತ್ತಾರೆ.

ಎರಡನೆಯದು, ಆ ಮೋಟಾರ್ 6 ವೋಲ್ಟ್‌ನದೋ 12 ವೋಲ್ಟ್‌ನದೋ ಎಂಬುದು. ಗಾಡಿಯನ್ನು 12 ವೋಲ್ಟ್‌ಗೆ ಬದಲಾಯಿಸಿದವರು ಹೀಟರ್‌ನ ತಂತಿ ಕತ್ತರಿಸಿ ಬಿಟ್ಟಿದ್ದಾರೆ ಎಂದರೆ ಮೋಟಾರ್ ಹಳೆಯ 6 ವೋಲ್ಟ್‌ನದೇ ಇರಬೇಕು ಎಂಬುದು ನನ್ನ ಗುಮಾನಿ. ಮೋಟಾರ್‌ನ ಮೈಮೇಲೆ ಮುದ್ರೆ ಇದ್ದರೆ ಸರಿ. ಅಳಿಸಿಹೋಗಿದ್ದರೆ ಅದನ್ನು ಪೆಟ್ಟಿಗೆಯಿಂದ ಬಿಚ್ಚಿ ಮೇಜಿನ ಮೇಲಿಡಿ, 10 ಆಂಪಿಯರ್ ಫ್ಯೂಸ್ ಇರುವ ತಂತಿಯ ಮೂಲಕ ಮೊದಲು 6 ವೋಲ್ಟ್ ಕೊಟ್ಟು ನೋಡಿ. 6ರಲ್ಲೇ ಚುರುಕಾಗಿ ತಿರುಗಿದರೆ ಅದು 6 ವೋಲ್ಟ್ ಮೋಟಾರ್. ಕಾಲೆಳೆದುಕೊಂಡು ತಿರುಗಿದರೆ 12ರದ್ದಿರಬಹುದು, ಅಥವಾ ಬುಷ್ (ಶಾಫ್ಟನ್ನು ಹಿಡಿದಿರುವ ಲೋಹದ ಬಳೆ) ಒಣಗಿ ಬಿಗಿಯಾಗಿರುವ 6ರದ್ದಿರಬಹುದು. ಹಾಗಾಗಿ ಪರೀಕ್ಷೆಗೆ ಮೊದಲು ಶಾಫ್ಟನ್ನು ಬೆರಳಿನಿಂದ ತಿರುಗಿಸಿ. ಒಂದು ಸಲ ತಟ್ಟಿದರೆ ಅದು ತಾನಾಗಿ ಒಂದೆರಡು ಸುತ್ತು ಓಡಬೇಕು. ಬೆರಳು ತೆಗೆದ ತಕ್ಷಣ ನಿಂತುಬಿಟ್ಟರೆ ಬುಷ್‌ಗಳ ಹತ್ತಿರವಿರುವ ಎಣ್ಣೆಯ ರಂಧ್ರಕ್ಕೆ ಒಂದೆರಡು ಹನಿ ತೆಳು ಮೆಷಿನ್ ಎಣ್ಣೆ ಬಿಟ್ಟು, ಒಳಗಿನ ಉಣ್ಣೆಯ ತುಂಡು ಅದನ್ನು ಹೀರಿಕೊಳ್ಳಲು ಒಂದಷ್ಟು ಹೊತ್ತು ಕೊಟ್ಟು, ಮತ್ತೆ ತಿರುಗಿಸಿ. ಹೆಚ್ಚು ಎಣ್ಣೆ ಬಿಡಬೇಡಿ. ಅದು ಕಮ್ಯುಟೇಟರ್ ಮೇಲೆ, ಅಂದರೆ ಕಾರ್ಬನ್ ಬ್ರಷ್‌ಗಳು ಕರೆಂಟ್ ಮುಟ್ಟಿಸುವ ತಾಮ್ರದ ಉರುಳೆಯ ಮೇಲೆ, ಹರಿದು ಕಾರ್ಬನ್ ಪುಡಿಯೊಂದಿಗೆ ಬೆರೆತು ಕಪ್ಪು ಗಂಜಿಯಾದರೆ ಹೊಸ ತಲೆನೋವು. ಬ್ರಷ್‌ಗಳು ತೀರಾ ಸವೆದಿದ್ದರೆ ಬದಲಿಸಿ, ಕಮ್ಯುಟೇಟರ್ ಕಪ್ಪಾಗಿದ್ದರೆ ಅತಿ ನಯವಾದ ಉಜ್ಜುಕಾಗದದಿಂದ ಹೊಳಪು ತನ್ನಿ. ಎಮರಿ ಕಾಗದ ಬೇಡ, ಅದರ ಕಣಗಳು ಕರೆಂಟ್ ಹರಿಯಬಿಡುತ್ತವೆ.

ಹೀಗೆ ಮೇಜಿನ ಮೇಲಿರುವಾಗಲೇ, ಫ್ಯಾನ್ ಚಕ್ರ ಹಾಕಿ, ಆಂಪಿಯರ್ ಅಳೆಯಿರಿ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಅಂಕಿ ಇದು. ಫ್ಯೂಸ್, ತಂತಿಯ ದಪ್ಪ, ಸ್ವಿಚ್ ಎಲ್ಲವೂ ಇದರಿಂದಲೇ ತೀರ್ಮಾನವಾಗಬೇಕು. ‘ಹೀಟರ್‌ಗೆ ಇಷ್ಟು ಹಾಕುತ್ತಾರಂತೆ’ ಎಂಬ ಮಾತಿನಿಂದ ಅಲ್ಲ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಒಳ್ಳೆಯದು. ಸಾಮಾನ್ಯ ಮಲ್ಟಿಮೀಟರ್‌ನ ಮಿತಿ 10 ಆಂಪಿಯರ್. ಮೋಟಾರ್ ಹೊರಡುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಎಳೆದು ಮೀಟರ್‌ನ ಒಳಗಿನ ಫ್ಯೂಸ್ ಸುಡಬಹುದು. ಆದ್ದರಿಂದ ಚಕ್ರವನ್ನು ಕೈಯಿಂದ ತಿರುಗಿಸಿ ಬಿಟ್ಟು ಕರೆಂಟ್ ಕೊಡಿ. ಆರೋಗ್ಯವಾಗಿರುವ 6 ವೋಲ್ಟ್ ಬ್ಲೋವರ್ 6ರಿಂದ 8 ಆಂಪಿಯರ್ ಸುತ್ತಮುತ್ತ ಎಳೆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಕೆಲಸ ಮಾಡುವ 12 ವೋಲ್ಟ್ ಮೋಟಾರ್ ಸುಮಾರು ಅದರರ್ಧ ಎಳೆಯಬೇಕು. ಇದರ ಎರಡು ಪಟ್ಟು ತೋರಿಸಿದರೆ ಮೋಟಾರ್ ಒಳಗೆ ಏನೋ ಉಜ್ಜುತ್ತಿದೆ ಅಥವಾ ಸುರುಳಿ ಸುಟ್ಟಿದೆ ಎಂದೇ ಅರ್ಥ. ಅದಕ್ಕೆ ಹೊಂದುವಂತೆ ದೊಡ್ಡ ಫ್ಯೂಸ್ ಹುಡುಕಲು ಹೋಗಬೇಡಿ.

ಮೋಟಾರ್ 6 ವೋಲ್ಟ್‌ನದೆಂದು ಖಚಿತವಾದರೆ ಏನು ಮಾಡುವುದು? 12 ವೋಲ್ಟ್‌ಗೆ ಹಾಗೆಯೇ ಜೋಡಿಸಿದರೆ ಅದು ಹುಚ್ಚೆದ್ದು ತಿರುಗಿ, ಮೊದಲು ಬ್ರಷ್‌ಗಳು, ಆಮೇಲೆ ಸುರುಳಿ ಸುಡುತ್ತದೆ. ಮಧ್ಯದಲ್ಲಿ ಒಂದು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಎಂಜಿನ್ ಓಡುತ್ತಿರುವಾಗ 12 ವೋಲ್ಟ್ ಗಾಡಿಯಲ್ಲಿ ನಿಜವಾಗಿ ಇರುವುದು 14 ವೋಲ್ಟ್ ಹತ್ತಿರ. ಮೋಟಾರ್‌ಗೆ 7 ಉಳಿಸಿ ಮಿಕ್ಕ 7 ವೋಲ್ಟನ್ನು ರೆಸಿಸ್ಟರ್ ನುಂಗಬೇಕು. ಮೋಟಾರ್ 7 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ 1 ಓಮ್‌ನ ರೆಸಿಸ್ಟರ್ ಬೇಕು, ಅದರಲ್ಲಿ 49 ವ್ಯಾಟ್ ಶಾಖ ಹುಟ್ಟುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ, ಎಪ್ಪತ್ತು ವರ್ಷದ ಹತ್ತಿ ಹೊದಿಕೆಯ ತಂತಿಗಳ ನಡುವೆ, ಮುಟ್ಟಿದರೆ ಬೊಬ್ಬೆ ಬರುವಂಥ ಒಂದು ತುಂಡು. ಶಾಖದ ಮಾತು ಬಿಡಿ, ಇನ್ನೊಂದು ತೊಡಕಿದೆ. ರೆಸಿಸ್ಟರ್ ಎಷ್ಟು ವೋಲ್ಟ್ ನುಂಗುತ್ತದೆ ಎಂಬುದು ಹರಿಯುವ ಕರೆಂಟನ್ನು ಅವಲಂಬಿಸಿದೆ. ಚಳಿಯಲ್ಲಿ ಬುಷ್ ಬಿಗಿಯಾಗಿ ಮೋಟಾರ್ ಹೆಚ್ಚು ಕರೆಂಟ್ ಕೇಳಿದಾಗ ರೆಸಿಸ್ಟರ್ ಹೆಚ್ಚು ನುಂಗುತ್ತದೆ, ಮೋಟಾರ್‌ಗೆ ಬೇಕಾದ ಹೊತ್ತಿಗೇ ಕಡಿಮೆ ಸಿಗುತ್ತದೆ. ಹಗುರಾಗಿ ತಿರುಗುವಾಗ ಬೇಡದಷ್ಟು ವೋಲ್ಟ್ ಸಿಗುತ್ತದೆ. ನನಗೆ ಈ ದಾರಿ ಹಿಡಿಸುವುದಿಲ್ಲ.

ಅಳತೆ ಹೊಂದುವ 12 ವೋಲ್ಟ್ ಮೋಟಾರ್ ಹಾಕುವುದೇ ಸರಿಯಾದ ಪರಿಹಾರ. ಹೊಸ ಮೋಟಾರ್ ತರುವಾಗ ಶಾಫ್ಟ್‌ನ ದಪ್ಪ, ಉದ್ದ, ಮೋಟಾರ್ ಮೈಯ ವ್ಯಾಸ, ತಿರುಗುವ ದಿಕ್ಕು ನಾಲ್ಕನ್ನೂ ಹೊಂದಿಸಿಕೊಳ್ಳಿ. ದಿಕ್ಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಮೋಟಾರ್‌ಗಳಲ್ಲಿ ಅನೇಕವು ಕಾಯಂ ಅಯಸ್ಕಾಂತದ ಬದಲು ಫೀಲ್ಡ್ ಸುರುಳಿ ಇರುವಂಥವು. ಅವುಗಳಿಗೆ ಪಾಸಿಟಿವ್, ನೆಗೆಟಿವ್ ಅದಲು ಬದಲು ಮಾಡಿದರೂ ದಿಕ್ಕು ಬದಲಾಗುವುದಿಲ್ಲ, ಏಕೆಂದರೆ ಫೀಲ್ಡ್ ಮತ್ತು ಆರ್ಮೇಚರ್ (ತಿರುಗುವ ಭಾಗ) ಎರಡರಲ್ಲೂ ಕರೆಂಟ್ ಒಟ್ಟಿಗೇ ತಿರುಗಿಬೀಳುತ್ತದೆ. ಈಗಿನ ಮೋಟಾರ್‌ಗಳಲ್ಲಿ ಇರುವುದು ಕಾಯಂ ಅಯಸ್ಕಾಂತ. ಇವು ಧ್ರುವ ಬದಲಾದರೆ ಹಿಂದುಮುಂದಾಗಿ ತಿರುಗುತ್ತವೆ. ಹಿಂದುಮುಂದಾಗಿ ತಿರುಗಿದರೆ ಎಲೆಗಳಂಥ ರೆಕ್ಕೆಯ ಫ್ಯಾನ್ ಗಾಳಿಯನ್ನು ಎದುರು ದಿಕ್ಕಿಗೆ ತಳ್ಳುತ್ತದೆ, ಅದು ಕೂಡಲೇ ಗೊತ್ತಾಗುತ್ತದೆ. ಆದರೆ ಉರುಳೆಯಾಕಾರದ, ಅಳಿಲಿನ ಪಂಜರದಂತಿರುವ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿಯನ್ನು ಸರಿಯಾದ ಕಡೆಗೇ ಬಿಡುತ್ತದೆ, ತುಂಬಾ ಕಡಿಮೆ ಬಿಡುತ್ತದೆ ಅಷ್ಟೇ. ಸದ್ದೂ ಮಾಮೂಲಿನಂತೆಯೇ ಇರುತ್ತದೆ. ‘ಹೊಸ ಮೋಟಾರ್ ಹಾಕಿದೆ, ಗಾಳಿ ಮೊದಲಿಗಿಂತ ಕಮ್ಮಿ’ ಎನ್ನುವವರ ಗಾಡಿಯಲ್ಲಿ ನಾನು ಮೊದಲು ನೋಡುವುದು ಇದನ್ನೇ. ಎರಡು ತಂತಿಯ ಮೋಟಾರ್ ಆದರೆ ತಂತಿ ಅದಲು ಬದಲು ಮಾಡಿದರೆ ಮುಗಿಯಿತು. ಮೈಯೇ ಅರ್ಥಿಂಗ್ ಆಗಿರುವ ಒಂದು ತಂತಿಯ ಮೋಟಾರ್ ಆದರೆ ಆ ಅವಕಾಶವಿಲ್ಲ, ಕೊಳ್ಳುವಾಗಲೇ ಎಚ್ಚರವಿರಲಿ.

ಮೂಲ ಮೋಟಾರನ್ನೇ ಉಳಿಸಿಕೊಳ್ಳಬೇಕೆಂಬ ಹಟವಿದ್ದರೆ 12ರಿಂದ 6ಕ್ಕೆ ಇಳಿಸುವ ಡಿಸಿ ಕನ್ವರ್ಟರ್ ಹಾಕಬಹುದು. ನೀವು ಅಳೆದ ಆಂಪಿಯರ್‌ನ ಎರಡು ಪಟ್ಟು ಹೊರುವಂಥದ್ದನ್ನು ಆರಿಸಿ, ಮೋಟಾರ್ ಹೊರಡುವಾಗಿನ ಎಳೆತಕ್ಕೆ ಅದು ಬೇಕಾಗುತ್ತದೆ.

ಈಗ ಕರೆಂಟ್ ಎಲ್ಲಿಂದ ತರುವುದು ಎಂಬ ಪ್ರಶ್ನೆ. ಇಗ್ನಿಷನ್ ಸ್ವಿಚ್‌ನಿಂದ ನೇರವಾಗಿ ಬೇಡ. ಆ ಸ್ವಿಚ್‌ನ ಹಳೆಯ ಹಿತ್ತಾಳೆ ಸಂಪರ್ಕಗಳು ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಬೇಕಾದ ಒಂದಿಷ್ಟು ಆಂಪಿಯರ್‌ಗಳನ್ನು ಹೊತ್ತುಕೊಂಡು ದಶಕಗಳನ್ನು ಕಳೆದಿವೆ. ಅದರ ಮೇಲೆ ಬ್ಲೋವರ್‌ನ ಹೊರೆ ಬಿದ್ದರೆ ಸಂಪರ್ಕಗಳು ಬಿಸಿಯಾಗುತ್ತವೆ, ವೋಲ್ಟೇಜ್ ಕುಸಿಯುತ್ತದೆ. ಕುಸಿದದ್ದು ಹೀಟರ್‌ಗೆ ಮಾತ್ರವಲ್ಲ, ಸ್ಪಾರ್ಕ್‌ಗೂ ಕುಸಿಯುತ್ತದೆ. ಇನ್ನೂ ಕೆಟ್ಟ ದಾರಿಯೊಂದಿದೆ: ಇಗ್ನಿಷನ್ ಕಾಯಿಲ್‌ನ ಟರ್ಮಿನಲ್‌ನಿಂದಲೇ ತಂತಿ ಎಳೆಯುವುದು. 12 ವೋಲ್ಟ್‌ಗೆ ಬದಲಾಯಿಸಿದ ಗಾಡಿಗಳಲ್ಲಿ ಕಾಯಿಲ್‌ನ ಮುಂಚೆ ವೋಲ್ಟೇಜ್ ಇಳಿಸುವ ಬಲಾಸ್ಟ್ ರೆಸಿಸ್ಟರ್ ಇರುವುದು ಸಾಮಾನ್ಯ. ಅದರ ಆಚೆಯಿಂದ ಮೋಟಾರ್‌ಗೆ ಕರೆಂಟ್ ಕೊಟ್ಟರೆ ಬ್ಲೋವರ್ ಹಾಕಿದಾಗಲೆಲ್ಲ ಎಂಜಿನ್ ತಡವರಿಸುತ್ತದೆ. ಕಾಯಂ ಅಯಸ್ಕಾಂತದ ಮೋಟಾರ್ ಆದರೆ ಮತ್ತೊಂದು ತಮಾಷೆಯೂ ಕಾಣಸಿಗುತ್ತದೆ. ಕೀ ಆಫ್ ಮಾಡಿದಾಗ ಇನ್ನೂ ತಿರುಗುತ್ತಿರುವ ಬ್ಲೋವರ್ ತಾನೇ ಡೈನಮೊ ಆಗಿ ಇಗ್ನಿಷನ್‌ಗೆ ಕರೆಂಟ್ ಹಿಂದಿರುಗಿಸುತ್ತದೆ, ಎಂಜಿನ್ ಒಂದೆರಡು ಕ್ಷಣ ನಿಲ್ಲಲೊಲ್ಲದು. ಕಾರ್ಬುರೇಟರ್ ಕೆಟ್ಟಿದೆ ಎಂದು ಅದನ್ನು ಬಿಚ್ಚಿ ಕೂರುವವರಿದ್ದಾರೆ.

ಹಾಗಾಗಿ ಒಂದು ರಿಲೇ ಹಾಕಿ, ಅಂದರೆ ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್. ನಾಲ್ಕು ಕಾಲಿನ ಸಾಮಾನ್ಯ 12 ವೋಲ್ಟ್ ರಿಲೇ ಸಾಕು. ಅದರ ಕಾಲುಗಳಿಗೆ 30, 87, 85, 86 ಎಂಬ ಸಂಖ್ಯೆಗಳಿರುತ್ತವೆ. ದಪ್ಪ ಕರೆಂಟ್ ಹರಿಯುವುದು 30ರಿಂದ 87ಕ್ಕೆ. ರಿಲೇಯ ಒಳಗಿನ ಪುಟ್ಟ ಸುರುಳಿ ಇರುವುದು 85 ಮತ್ತು 86ರ ನಡುವೆ. ಕರೆಂಟಿನ ಮೂಲದಿಂದ ಫ್ಯೂಸ್ ಮೂಲಕ ಬಂದ ತಂತಿ 30ಕ್ಕೆ. 87ರಿಂದ ಹೊರಟ ತಂತಿ ನಿಮ್ಮ ಹೀಟರ್ ಸ್ವಿಚ್‌ನ ಒಂದು ಟರ್ಮಿನಲ್‌ಗೆ, ಸ್ವಿಚ್‌ನ ಇನ್ನೊಂದು ಟರ್ಮಿನಲ್‌ನಿಂದ ಮೋಟಾರ್‌ನ ಆ ಒಂಟಿ ತಂತಿಗೆ. 86ಕ್ಕೆ ಇಗ್ನಿಷನ್ ಸ್ವಿಚ್‌ನ ಆಕ್ಸೆಸರಿ ಟರ್ಮಿನಲ್‌ನಿಂದ, ಅದಿಲ್ಲದಿದ್ದರೆ ಕೀ ತಿರುಗಿಸಿದಾಗ ಜೀವ ಬರುವ ಟರ್ಮಿನಲ್‌ನಿಂದ, 3 ಆಂಪಿಯರ್ ಫ್ಯೂಸ್ ಹಾಕಿದ ತೆಳು ತಂತಿ. 85 ಅರ್ಥಿಂಗ್‌ಗೆ. ರಿಲೇಯ ಸುರುಳಿ ಎಳೆಯುವುದು ಕಾಲು ಆಂಪಿಯರ್‌ಗಿಂತಲೂ ಕಡಿಮೆ, ಆದ್ದರಿಂದ ಇಗ್ನಿಷನ್ ಸ್ವಿಚ್‌ಗೆ ಅದರ ಅರಿವೇ ಆಗುವುದಿಲ್ಲ. ಕೀ ತೆಗೆದ ಕೂಡಲೇ ಬ್ಲೋವರ್‌ನ ಸಂಬಂಧ ಕಡಿದುಬೀಳುತ್ತದೆ, ಮರೆತು ಬ್ಯಾಟರಿ ಖಾಲಿ ಮಾಡುವ ಭಯವೂ ಇಲ್ಲ.

ರಿಲೇಯ ಮೈಮೇಲೆ ಬರೆದಿರುವ ಚಿತ್ರದಲ್ಲಿ ಸುರುಳಿಯ ಪಕ್ಕ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಗುರುತು ಇದ್ದರೆ 86 ಪಾಸಿಟಿವ್‌ಗೆ, 85 ನೆಗೆಟಿವ್‌ಗೆ ಎಂಬ ಕ್ರಮ ತಪ್ಪಬಾರದು. ಅದಲು ಬದಲಾದರೆ ಡಯೋಡ್ ನೇರ ಶಾರ್ಟ್ ಆಗಿ ಫ್ಯೂಸ್ ಹಾರುತ್ತದೆ. ಇನ್ನೂ ಪಾಸಿಟಿವ್ ಅರ್ಥಿಂಗ್‌ನಲ್ಲೇ ಓಡಿಸುತ್ತಿರುವ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು: ನಿಮ್ಮಲ್ಲಿ 85 ಸ್ವಿಚ್ ಕಡೆಗೆ, 86 ಗಾಡಿಯ ಮೈಗೆ.

30ಕ್ಕೆ ಬರುವ ತಂತಿಯ ಮೂಲ ಯಾವುದು? ಬ್ಯಾಟರಿಯ ಕಂಬ ಎಂದು ಥಟ್ಟನೆ ಹೇಳಬಹುದು, ಆದರೆ ಡ್ಯಾಶ್‌ನಲ್ಲಿ ಅಮ್ಮೀಟರ್ ಇದೆ. ಅದು ಬ್ಯಾಟರಿಯೊಳಗೆ ಎಷ್ಟು ಹೋಗುತ್ತಿದೆ, ಬ್ಯಾಟರಿಯಿಂದ ಎಷ್ಟು ಬರುತ್ತಿದೆ ಎಂದು ತೋರಿಸುವ ಮೀಟರ್. ಹೀಟರನ್ನು ಅಮ್ಮೀಟರ್‌ನ ಬ್ಯಾಟರಿ ಬದಿಗೆ ಜೋಡಿಸಿದರೆ, ಆಲ್ಟರ್ನೇಟರ್ ಹೀಟರ್‌ಗೆ ಕೊಡುವ ಕರೆಂಟ್ ಕೂಡ ಮೀಟರ್ ಮೂಲಕ ಹಾದು ‘ಚಾರ್ಜ್’ ಎಂದು ತೋರುತ್ತದೆ. ಬ್ಯಾಟರಿಗೆ ಏನೂ ಹೋಗದಿದ್ದರೂ ಮುಳ್ಳು ಸಂತೋಷವಾಗಿ ಬಲಕ್ಕೆ ವಾಲಿರುತ್ತದೆ. ಆದ್ದರಿಂದ ಅಮ್ಮೀಟರ್‌ನ ಇನ್ನೊಂದು ಬದಿಯಿಂದ, ಅಂದರೆ ಹೆಡ್‌ಲೈಟ್‌ಗಳು, ಆಲ್ಟರ್ನೇಟರ್ ಸೇರಿರುವ ಬದಿಯಿಂದ ತೆಗೆದುಕೊಳ್ಳಿ. ಡೈನಮೊ ಇರುವ ಗಾಡಿಯಲ್ಲಾದರೆ ರೆಗ್ಯುಲೇಟರ್‌ನ ಬ್ಯಾಟರಿ ಎಂದು ಗುರುತಿಸಿದ ಟರ್ಮಿನಲ್ ಇದಕ್ಕೆ ಅನುಕೂಲದ ಜಾಗ. ನಿಮ್ಮ ಹಿಂದಿನ ಮಾಲೀಕರು ಆಲ್ಟರ್ನೇಟರ್‌ನ ದಪ್ಪ ತಂತಿಯನ್ನು ಅಮ್ಮೀಟರ್ ಬಿಟ್ಟು ನೇರ ಬ್ಯಾಟರಿಗೆ ಎಳೆದಿದ್ದರೆ ಮಾತ್ರ ನೀವೂ ಬ್ಯಾಟರಿ ಬದಿಯಿಂದಲೇ, ಸ್ಟಾರ್ಟರ್ ಸೊಲೆನಾಯ್ಡ್‌ನ ಬ್ಯಾಟರಿ ಕಂಬದಿಂದ, ತೆಗೆದುಕೊಳ್ಳಬಹುದು. ಅವರು ಏನು ಮಾಡಿದ್ದಾರೆ ಎಂದು ಆ ದಪ್ಪ ತಂತಿಯ ಜಾಡು ಹಿಡಿದು ನೋಡಿ. ಅಂದಹಾಗೆ, ಧ್ರುವ ಬದಲಾದ ಮೇಲೆ ಅಮ್ಮೀಟರ್ ಉಲ್ಟಾ ತೋರಿಸುತ್ತಿದ್ದರೆ ಅದರ ಹಿಂದಿನ ತಂತಿಯ ದಿಕ್ಕನ್ನೂ ಬದಲಿಸಬೇಕು. ಎಷ್ಟೋ ಗಾಡಿಗಳಲ್ಲಿ ಇದು ಹಾಗೆಯೇ ಉಳಿದಿರುತ್ತದೆ.

ಫ್ಯೂಸ್ ಕಾಯುವುದು ತಂತಿಯನ್ನು, ಮೋಟಾರನ್ನಲ್ಲ. ಈ ಮಾತು ನೆನಪಿದ್ದರೆ ಅದನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಯೂ ಬಗೆಹರಿಯುತ್ತದೆ: ಕರೆಂಟ್ ತೆಗೆದುಕೊಂಡ ಜಾಗಕ್ಕೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ. ಡ್ಯಾಶ್ ಕೆಳಗೆ ಫ್ಯೂಸ್ ಇಟ್ಟರೆ ಎಂಜಿನ್ ಕೋಣೆಯಿಂದ ಅಲ್ಲಿಯವರೆಗಿನ ತಂತಿ ಯಾವ ರಕ್ಷಣೆಯೂ ಇಲ್ಲದೆ ಬಿದ್ದಿರುತ್ತದೆ, ಕೆಟ್ಟರೆ ಕೆಡುವುದೂ ಅದೇ ಭಾಗ. ಎಷ್ಟು ಆಂಪಿಯರ್ ಎಂದರೆ, ನೀವು ಅಳೆದ ಅಂಕಿ ಫ್ಯೂಸ್‌ನ ಮುಕ್ಕಾಲು ಭಾಗ ಮೀರದಂತಿರಲಿ. 5 ಆಂಪಿಯರ್ ಎಳೆಯುವ 12 ವೋಲ್ಟ್ ಮೋಟಾರ್‌ಗೆ 7.5 ಅಥವಾ 10ರ ಫ್ಯೂಸ್. ತಂತಿ 2.5 ಚದರ ಮಿಲಿಮೀಟರ್‌ನ, ಸಣ್ಣ ಎಳೆಗಳ ತಾಮ್ರದ ವಾಹನ ತಂತಿ. ಅದರ ಪ್ರತಿರೋಧ ಮೀಟರ್‌ಗೆ ಸುಮಾರು 0.0074 ಓಮ್. ಒಟ್ಟು 3 ಮೀಟರ್ ಉದ್ದದಲ್ಲಿ 5 ಆಂಪಿಯರ್ ಹರಿದರೆ ಕುಸಿಯುವುದು 0.11 ವೋಲ್ಟ್, ಲೆಕ್ಕಕ್ಕಿಲ್ಲ. 6 ವೋಲ್ಟ್‌ನಲ್ಲೇ ಉಳಿದಿರುವವರು 4 ಚದರ ಮಿಲಿಮೀಟರ್‌ಗೆ ಹೋಗಬೇಕು. ಅಲ್ಲಿ ಕರೆಂಟ್ ದುಪ್ಪಟ್ಟು, ಕಳೆದುಕೊಳ್ಳಲು ಇರುವ ವೋಲ್ಟ್ ಅರ್ಧ.

ನಿಮ್ಮ ಹಳೆಯ ಸ್ವಿಚ್ ಬಗ್ಗೆ ಎರಡು ಮಾತು. ಗುಬುಟಿಯನ್ನು ತಿರುಗಿಸಿದಂತೆ ವೇಗ ನಿಧಾನವಾಗಿ ಬದಲಾಗುವಂಥದ್ದಾದರೆ ಅದರ ಬೆನ್ನಿಗೆ ತಂತಿಯ ಸುರುಳಿ ಕಾಣುತ್ತದೆ, ಅದು ರಿಯೋಸ್ಟಾಟ್. ಮೀಟರ್‌ನ ಓಮ್ ಬದಿಯಲ್ಲಿಟ್ಟು ತಿರುಗಿಸಿ. ಅಂಕಿ ಎಲ್ಲೂ ಹಠಾತ್ತನೆ ಹಾರದೆ ಏರಿಳಿಯಬೇಕು. 12 ವೋಲ್ಟ್ ಮೋಟಾರ್‌ನೊಂದಿಗೂ ಇದು ಸುರಕ್ಷಿತವೇ, ಏಕೆಂದರೆ ಈಗ ಅದರ ಮೂಲಕ ಅರ್ಧದಷ್ಟು ಕರೆಂಟ್ ಮಾತ್ರ ಹರಿಯುತ್ತದೆ. ಆದರೆ ಕನಿಷ್ಠ ವೇಗದಲ್ಲಿಟ್ಟರೂ ಬ್ಲೋವರ್ ಮೊದಲಿನಷ್ಟು ಮೆಲ್ಲಗಾಗುವುದಿಲ್ಲ. ಅದೇ ಪ್ರಮಾಣದಲ್ಲಿ ವೇಗ ಇಳಿಸಲು 12 ವೋಲ್ಟ್‌ನಲ್ಲಿ ನಾಲ್ಕು ಪಟ್ಟು ಓಮ್ ಬೇಕು. ನನ್ನ ಮಟ್ಟಿಗೆ ಇದು ಕೊರತೆಯೇನಲ್ಲ, ಹೀಟರ್ ಬೇಕೆನಿಸುವ ದಿನ ಮೆಲ್ಲನೆಯ ಗಾಳಿ ಯಾರಿಗೆ ಬೇಕು! ರಿಯೋಸ್ಟಾಟ್ ಸುರುಳಿಗೆ ಬೇರೆ ಯಾವ ತಂತಿಯೂ ತಾಗದಂತೆ ದೂರ ಕಟ್ಟಿ. ಕೆಲವು ಗಾಡಿಗಳಲ್ಲಿ ರೆಸಿಸ್ಟರ್ ಹೀಟರ್ ಪೆಟ್ಟಿಗೆಯೊಳಗೆ, ಗಾಳಿಯ ಹರಿವಿನಲ್ಲಿ ಇರುತ್ತದೆ. ಗಾಳಿಯೇ ಅದನ್ನು ತಣಿಸಬೇಕು. ಅಂಥದ್ದನ್ನು ತೆಗೆದು ಹೊರಗೆ ಕಟ್ಟಿದರೆ ಕೆಂಪಗೆ ಕಾಯುತ್ತದೆ.

ಅರ್ಥಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಒಂದು ತಂತಿಯ ಮೋಟಾರ್‌ನಲ್ಲಿ ಅರ್ಧ ವೈರಿಂಗ್ ಅದೇ. ಕರೆಂಟ್ ಮೋಟಾರ್‌ನ ಮೈಯಿಂದ ಹೀಟರ್ ಪೆಟ್ಟಿಗೆಗೆ, ಅಲ್ಲಿಂದ ತಿರುಪುಗಳ ಮೂಲಕ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ, ಅಲ್ಲಿಂದ ಚಾಸಿಗೆ, ಆಮೇಲೆ ಬ್ಯಾಟರಿಗೆ ಮರಳಬೇಕು. ಆ ದಾರಿಯ ಒಂದೊಂದು ಕೀಲಿನಲ್ಲೂ ಬಣ್ಣ, ತುಕ್ಕು, ರಬ್ಬರ್ ತುಂಡು. ಟ್ರಕ್‌ನ ಕ್ಯಾಬಿನ್ ಚಾಸಿಯ ಮೇಲೆ ರಬ್ಬರ್ ಮೆತ್ತೆಗಳ ಮೇಲೆ ಕೂತಿರುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಹೊಸದಾಗಿ ಬಣ್ಣ ಬಳಿದು ಜೋಡಿಸಿದ ಗಾಡಿಯಲ್ಲಂತೂ ಹಳೆಯದಕ್ಕಿಂತ ಅರ್ಥಿಂಗ್ ಕೆಟ್ಟದಾಗಿರುತ್ತದೆ. ಆದ್ದರಿಂದ ಮೋಟಾರ್‌ನ ಮೈಯನ್ನು ಹಿಡಿದಿರುವ ಒಂದು ತಿರುಪಿನ ಕೆಳಗೆ ಬಣ್ಣ ಕೆರೆದು, ಲಗ್ (ತುದಿಯ ಲೋಹದ ಬಳೆ) ಹಾಕಿದ 2.5ರ ಕಪ್ಪು ತಂತಿಯನ್ನು ಕೂರಿಸಿ, ಅದನ್ನು ಕ್ಯಾಬಿನ್‌ನ ಗಟ್ಟಿ ಲೋಹಕ್ಕೆ ತಲುಪಿಸಿ. ಕ್ಯಾಬಿನ್‌ನಿಂದ ಎಂಜಿನ್ ಬ್ಲಾಕ್‌ಗೆ ಹೆಣೆದ ತಾಮ್ರದ ಪಟ್ಟಿ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿ. ನಿಮ್ಮ ಹೆಡ್‌ಲೈಟ್‌ಗಳೂ ಮೀಟರ್‌ಗಳೂ ಅದಕ್ಕೆ ಋಣಿಯಾಗಿರುತ್ತವೆ.

ತಂತಿ ತಗಡಿನ ರಂಧ್ರ ದಾಟುವಲ್ಲಿ ರಬ್ಬರ್ ಗ್ರೊಮೆಟ್ ಇರಲೇಬೇಕು. ತುದಿಗಳಿಗೆ ಲಗ್‌ಗಳನ್ನು ಸರಿಯಾದ ಕ್ರಿಂಪ್ ಇಕ್ಕಳದಿಂದ ಒತ್ತಿ. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಪೆಡಸಾಗಿ, ಟ್ರಕ್‌ನ ಅದುರಾಟಕ್ಕೆ ಅಲ್ಲೇ ತುಂಡಾಗುತ್ತದೆ. ಹಳೆಯ ಹತ್ತಿ ಹೊದಿಕೆಯ ತಂತಿಯನ್ನು ಬಗ್ಗಿಸಿ ನೋಡಿ. ಒಳಗಿನ ರಬ್ಬರ್ ಪುಡಿಯಾಗಿ ಉದುರಿದರೆ ಅದಕ್ಕೆ ಹೊಸ ತಂತಿಯನ್ನು ಕೂಡಿಸಬೇಡಿ, ಆ ತುಂಡನ್ನೇ ಪೂರ್ತಿ ಬದಲಿಸಿ.

ಎಲ್ಲ ಜೋಡಿಸಿದ ಮೇಲೆ ಫ್ಯೂಸ್ ಹಾಕುವ ಮುನ್ನ ಆ ಜಾಗದಲ್ಲಿ ಒಂದು 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬನ್ನು ಎರಡು ತಂತಿಗಳಿಂದ ಸೇರಿಸಿ, ಹೀಟರ್ ಸ್ವಿಚ್ ಆಫ್ ಇಟ್ಟು ಕೀ ತಿರುಗಿಸಿ. ಬಲ್ಬ್ ಉರಿಯಬಾರದು. ಉರಿದರೆ ಸ್ವಿಚ್‌ವರೆಗಿನ ತಂತಿ ಎಲ್ಲೋ ಗಾಡಿಯ ಮೈಗೆ ತಾಗಿದೆ; ಬಲ್ಬ್ ಇರುವುದರಿಂದ ಕರೆಂಟ್ 5 ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಏನೂ ಸುಡುವುದಿಲ್ಲ, ನೀವು ನಿಧಾನವಾಗಿ ತಂತಿ ಅಲುಗಾಡಿಸಿ ಜಾಗ ಹುಡುಕಬಹುದು. ಹೀಟರ್ ಸ್ವಿಚ್ ಹಾಕಿದಾಗ ಬಲ್ಬ್ ಉರಿದು ಮೋಟಾರ್ ಮಂದವಾಗಿ ತಿರುಗಿದರೆ ಎಲ್ಲ ಸರಿಯಿದೆ. ಬಲ್ಬ್ ತೆಗೆದು ಫ್ಯೂಸ್ ಹಾಕಿ. ಬ್ಲೋವರ್ ಪೂರ್ಣ ವೇಗದಲ್ಲಿ ಓಡುತ್ತಿರುವಾಗ ಮಲ್ಟಿಮೀಟರನ್ನು ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಮೋಟಾರ್‌ನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ಕಂಬಕ್ಕೆ ಒತ್ತಿ. 0.2 ವೋಲ್ಟ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ಥಿಂಗ್ ದಾರಿಯ ಯಾವುದೋ ಕೀಲು ಕಚ್ಚಿಲ್ಲ. ಹಾಗೆಯೇ ಕರೆಂಟ್ ತೆಗೆದುಕೊಂಡ ಜಾಗದಿಂದ ಮೋಟಾರ್‌ನ ತಂತಿಯವರೆಗೂ ಅಳೆಯಿರಿ. ಅಲ್ಲಿ 0.5 ದಾಟಿದರೆ ಮೊದಲ ಅನುಮಾನ ಹಳೆಯ ಸ್ವಿಚ್ ಮೇಲೆ.

ಈಗ ಗಾಜಿನ ವಿಷಯ. ಎಂಜಿನ್ ಕಾದ ಮೇಲೆ ಹೀಟರ್‌ನ ಎರಡೂ ಹೋಸ್ ಪೈಪ್‌ಗಳನ್ನು ಕೈಯಿಂದ ಮುಟ್ಟಿ. ಎರಡೂ ಬಿಸಿ ಇರಬೇಕು, ಹಿಂದಿರುಗುವುದು ಸ್ವಲ್ಪ ಕಡಿಮೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ವಾಲ್ವ್ ಮುಚ್ಚಿದೆ, ಇಲ್ಲವೇ ಕೋರ್ ಕಟ್ಟಿಕೊಂಡಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ (ನೀರು ಕಾಯುವವರೆಗೆ ಅದನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ನೋಡಿ. ನಿಮ್ಮ ಫ್ಲ್ಯಾಟ್‌ಹೆಡ್ ವಿ8ನಲ್ಲಿ ಎರಡು ನೀರಿನ ಪಂಪ್‌ಗಳು, ಎರಡು ಥರ್ಮೋಸ್ಟಾಟ್‌ಗಳು, ಎಂಜಿನ್‌ನ ಒಂದೊಂದು ಬದಿಗೆ ಒಂದೊಂದು. ಈ ಎಂಜಿನ್ ಬಿಸಿಯೇರುತ್ತದೆ ಎಂಬ ಭಯದಿಂದ ಎರಡನ್ನೂ ಕಿತ್ತು ಬಿಸಾಡುವುದು ಬಹಳ ಜನರ ಅಭ್ಯಾಸ. ಆಮೇಲೆ ಹೀಟರ್ ಬೆಚ್ಚಗಾಗುತ್ತಿಲ್ಲ ಎಂದು ಮೋಟಾರ್ ಬದಲಿಸುತ್ತಾರೆ. ಎರಡೂ ಬದಿಗೆ ಒಂದೇ ಅಂಕಿಯ ಥರ್ಮೋಸ್ಟಾಟ್ ಹಾಕಿ, 71 ಅಥವಾ 82 ಡಿಗ್ರಿ ಸೆಲ್ಸಿಯಸ್‌ನದು.

ನೀರು ಬಿಸಿಯಿದ್ದೂ ಗಾಜು ತಿಳಿಯಾಗದಿದ್ದರೆ ಒಂದು ತೆಳು ಕಾಗದದ ಚೂರನ್ನು ಗಾಜಿನ ಬುಡದ ಸೀಳುಗಳ ಮೇಲೆ ಹಿಡಿಯಿರಿ. ಅದು ಎದ್ದು ಗಾಜಿಗೆ ಅಂಟಬೇಕು. ಬರೀ ಅಲ್ಲಾಡಿದರೆ ಗಾಳಿ ದಾರಿಯಲ್ಲೇ ಸೋರುತ್ತಿದೆ. ಕಾಗದದ ಹೊದಿಕೆಯ ಹಳೆಯ ಸುಕ್ಕುಗೊಳವೆಗಳು ಮೇಲಿನಿಂದ ಚೆನ್ನಾಗಿ ಕಂಡು ಅಡಿಯಲ್ಲಿ ಬಾಯಿಬಿಟ್ಟಿರುತ್ತವೆ. ಮುಚ್ಚಳದ ಅಂಚಿನ ಮೆತ್ತೆ ಉದುರಿಹೋಗಿದ್ದರೆ ಗಾಜಿಗೆ ಹೋಗಬೇಕಾದ ಗಾಳಿಯಲ್ಲಿ ಬಹುಪಾಲು ಕಾಲಿಗೆ ಹೋಗುತ್ತದೆ. ಕೇಬಲ್ ಪೂರ್ತಿ ಎಳೆದಾಗ ಮುಚ್ಚಳ ನಿಜವಾಗಿ ಕೊನೆಯವರೆಗೂ ಸರಿಯುತ್ತದೆಯೇ ಎಂದು ಕೆಳಗೆ ಬಗ್ಗಿ ನೋಡಿ. ಗುಬುಟಿಯ ಮಾತನ್ನು ನಂಬಬೇಡಿ.

ನಿಮ್ಮ ಹೀಟರ್ ಹೊರಗಿನ ಗಾಳಿ ಎಳೆಯದೆ ಕ್ಯಾಬಿನ್ ಗಾಳಿಯನ್ನೇ ಸುತ್ತಿಸುವ ಬಗೆಯದಾದರೆ, ಗಾಜಿನ ಒಳಬದಿ ಮಸುಕಾಗುವುದು ನಿಮ್ಮ ಉಸಿರಿನ ತೇವದಿಂದ. ಅದೇ ತೇವವನ್ನು ಹೀಟರ್ ಮತ್ತೆ ಮತ್ತೆ ಗಾಜಿಗೆ ಊದುತ್ತದೆ. ಪಕ್ಕದ ಗಾಜನ್ನು ಎರಡು ಬೆರಳಷ್ಟು ಇಳಿಸಿದರೆ ತೇವ ಹೊರಗೆ ಹೋಗಿ, ವೇಗ ಹೆಚ್ಚಿಸಿದ್ದಕ್ಕಿಂತ ಬೇಗ ತಿಳಿಯಾಗುತ್ತದೆ. ಮಸುಕು ಒರೆಸಿದರೆ ಜಿಡ್ಡಾಗಿ ಹರಡಿ, ಸಿಹಿ ವಾಸನೆ ಬರುತ್ತಿದ್ದರೆ ಮಾತು ಬೇರೆ. ಕೋರ್ ಸೋರುತ್ತಿದೆ, ಆವಿಯಾದ ಕೂಲೆಂಟ್ ಗಾಜಿಗೆ ಕೂರುತ್ತಿದೆ. ಅದನ್ನು ಸರಿಪಡಿಸುವವರೆಗೆ ಹೀಟರ್ ವಾಲ್ವ್ ಮುಚ್ಚಿಡಿ.

ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ವಿದ್ಯುತ್ ಡಿಫ್ರಾಸ್ಟರ್ ಕೊಂಡರೆ ಈ ಗೋಜೇ ಬೇಡವಲ್ಲ ಎಂಬ ಯೋಚನೆ ನಿಮಗೂ ಬಂದಿರಬಹುದು. ಅವು ಸಾಮಾನ್ಯವಾಗಿ 150 ವ್ಯಾಟ್‌ನವು, ಅಂದರೆ 12.5 ಆಂಪಿಯರ್; ನಿಮ್ಮ ಬ್ಲೋವರ್‌ನ ಎರಡು ಪಟ್ಟಿಗಿಂತ ಹೆಚ್ಚು. ಬಿಸಿ ನೀರಿನ ಕೋರ್ ಕೊಡುವ ಶಾಖ ಕಿಲೋವ್ಯಾಟ್‌ಗಳ ಲೆಕ್ಕದಲ್ಲಿದೆ, ಅದೂ ಎಂಜಿನ್ ಹೇಗೂ ಚೆಲ್ಲುವ ಶಾಖ. ಬ್ಲೋವರ್ ಸಾಲದೆನಿಸಿದರೆ ಡ್ಯಾಶ್ ಮೇಲೆ ಕೂರುವ, ಒಂದೆರಡು ಆಂಪಿಯರ್ ಎಳೆಯುವ ಚಿಕ್ಕ ಫ್ಯಾನನ್ನು ಗಾಜಿನತ್ತ ತಿರುಗಿಸಿ ಇಡಿ. ಅದನ್ನೂ 87ರಿಂದಲೇ ಬೇರೆ ಸ್ವಿಚ್ ಹಾಕಿ ತೆಗೆದುಕೊಳ್ಳಬಹುದು, ಮೊದಲಿನ ಫ್ಯೂಸ್ 10ರದ್ದಾಗಿದ್ದರೆ ಅದೇ ಸಾಕು.

ಇನ್ನೂ ಡೈನಮೊ ಇಟ್ಟುಕೊಂಡಿರುವ ಓದುಗರಿಗೊಂದು ಮಾತು. ಎಂಜಿನ್ ಸುಮ್ಮನೆ ಮೆಲ್ಲಗೆ ಓಡುತ್ತಿರುವಾಗ ಡೈನಮೊ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ ನಿಂತಲ್ಲೇ ಗಾಜು ಬೆಚ್ಚಗಾಗಲೆಂದು ಕಾಯುತ್ತಿದ್ದರೆ ಅಷ್ಟೂ ಕರೆಂಟ್ ಬ್ಯಾಟರಿಯಿಂದಲೇ ಹೋಗುತ್ತಿರುತ್ತದೆ, ಅಮ್ಮೀಟರ್ ಮುಳ್ಳು ಎಡಕ್ಕೆ ವಾಲಿ ಅದನ್ನೇ ಹೇಳುತ್ತಿರುತ್ತದೆ. ಎಂಜಿನ್ ವೇಗವನ್ನು ಮುಳ್ಳು ನಡುವಿಗೆ ಬರುವಷ್ಟು ಏರಿಸಿ ಹಿಡಿಯಿರಿ, ಅಥವಾ ಹೊರಡುವವರೆಗೆ ಹೆಡ್‌ಲೈಟ್ ಆರಿಸಿಡಿ. ನಿಮ್ಮ ಆಲ್ಟರ್ನೇಟರ್‌ಗೆ ಈ ತೊಂದರೆ ಇಲ್ಲ.